ಒಬ್ಬನಿಗೆ ಒಂದೇ ಕವಡೆ

ಆ ಭಾನುವಾರ ಮಧ್ಯಾಹ್ನ ಹಂಪೇಶ್ ನಾಲ್ಕನೇ ಸಲ ಬಾವಿಗೆ ಬಿದ್ದ. ದುರ್ಗಾ ನಾಲ್ಕನೇ ಸಲ ಹಗ್ಗ ಇಳಿಬಿಟ್ಟಳು.

ಬಾವಿ ಇದ್ದದ್ದು ಕಥೆಯೊಳಗೆ. ಅವರು ಕೂತಿದ್ದದ್ದು ಕಡ್ಡಿರಾಂಪುರದ ರಸ್ತೆ ಬದಿಯ ಹೋಟೆಲಿನ ಮಾಳಿಗೆ ಮೇಲೆ, ಚಾಪೆ ಹಾಸಿಕೊಂಡು. ಹೋಟೆಲು ದುರ್ಗಾಳ ಅಣ್ಣ ಯಲ್ಲೇಶನದು. ಯಾರೋ ಪ್ರವಾಸಿ ಬಿಟ್ಟುಹೋದ ಪುಸ್ತಕ ಓದಿ ಈ ಕಥೆಯಾಟ ಕಲಿತವನು ಮಾರೇಶ್. ಅವನು ಕಥೆ ನಡೆಸುತ್ತಾನೆ. ಉಳಿದ ಮೂವರು ಅದರೊಳಗಿನ ಪಾತ್ರಗಳಾಗಿ ಮಾತಾಡುತ್ತಾರೆ. ಪಾತ್ರ ಮಾಡಹೊರಟದ್ದು ಆದೀತೋ ಆಗದೋ ಎಂಬುದನ್ನು ದಾಳ ಹೇಳುತ್ತದೆ. ಜೊತೆ ಆಟಗಾರನನ್ನು ಅಪಾಯದಿಂದ ಪಾರು ಮಾಡಿದವರಿಗೆ ಒಂದು ಕವಡೆ ಬಹುಮಾನ. ಆ ಕವಡೆ ಕೊಟ್ಟರೆ ಕೆಟ್ಟ ದಾಳವನ್ನು ಇನ್ನೊಮ್ಮೆ ಎಸೆಯಬಹುದು.

"ಕಾಲು ಉಳುಕೇತಿ, ಹೊತ್ಕೊಂಡು ನಡಿ," ಎಂದ ಹಂಪೇಶ್. ಅವನು ಕಂಪ್ಲಿಯ ರೈಸ್‌ಮಿಲ್ಲಿನವರ ಮಗ.

"ನೆಲ್ಲಿನ ಚೀಲ ಹೊತ್ತಂಗ ಹೊರ್ಲಾ?" ದುರ್ಗಾ ನಕ್ಕಳು. ನಗುವಾಗ ಅವಳ ಕಣ್ಣು ಹಂಪೇಶನ ಮುಖದ ಮೇಲೆ ಒಂದು ಗಳಿಗೆ ನಿಂತಿತು. ಅದು ಎಷ್ಟು ಹೊತ್ತು ನಿಂತಿತೆಂದು ಮಾರೇಶ್ ಅಳೆದ.

ಅಳೆಯುವುದೇ ಅವನ ಕೆಲಸ. ಸಂಡೂರಿನ ಹತ್ತಿರ ಅದಿರು ಲಾರಿಗಳನ್ನು ತೂಗುವ ವೇಬ್ರಿಡ್ಜಿನಲ್ಲಿ ಕೂರುತ್ತಾನೆ. ತೂಕ ಹೆಚ್ಚಲೆಂದು ನೀರಿನ ಡ್ರಮ್ಮು ಬಚ್ಚಿಟ್ಟು ಬರುವ ಡ್ರೈವರುಗಳನ್ನು ಮುಖ ನೋಡಿಯೇ ಹಿಡಿಯುತ್ತಾನೆ. ಹಂಪೇಶ್, ದುರ್ಗಾ ಇಬ್ಬರೂ ಬೇಕೆಂದೇ ಬಿದ್ದು ಎತ್ತಿ ಕವಡೆ ಹುಟ್ಟಿಸುತ್ತಿರುವುದು ಎರಡನೇ ವಾರವೇ ಅವನಿಗೆ ಗೊತ್ತಾಗಿತ್ತು. ಅದನ್ನು ಸಹಿಸಿದ. ಆದರೆ ಅವಳು ಹಂಪೇಶನಿಗೆ 'ನೀನು' ಎಂದು ತನಗೆ ಮಾತ್ರ 'ನೀವು' ಎನ್ನುವುದು, ಮಿರ್ಚಿ ತಟ್ಟೆಯನ್ನು ಮೊದಲು ಅವನ ಕಡೆ ಸರಿಸುವುದು, ಇವನ್ನು ಸಹಿಸಲಾಗುತ್ತಿರಲಿಲ್ಲ.

ಮುಂದಿನ ಭಾನುವಾರ ಹೊಸ ನಿಯಮ ತಂದ. ಒಬ್ಬನನ್ನು ಪಾರು ಮಾಡಿದ್ದಕ್ಕೆ ಒಂದೇ ಕವಡೆ. ಅವನೇ ಮತ್ತೆ ಬಿದ್ದರೆ ಏನೂ ಇಲ್ಲ. ಹಂಪೇಶನ ಲೆಕ್ಕ ಆಗಲೇ ಮುಗಿದಿತ್ತು. ಆಟದಲ್ಲಿ ಮೋಸ ಆಗಬಾರದಲ್ಲ ಎಂದ. ಕವಡೆ ಇಲ್ಲದಿದ್ದರೂ ಅವಳು ಹಂಪೇಶನನ್ನು ಎತ್ತಿದರೆ ಅದು ಪ್ರೀತಿಯೇ, ಎಂಬುದನ್ನು ಮಾತ್ರ ಬಾಯಿಬಿಟ್ಟು ಹೇಳಲಿಲ್ಲ. ವಾರವೆಲ್ಲ ಅವನಿಗೆ ಊಟ ಸೇರಿರಲಿಲ್ಲ.

ಅಂದು ಕಥೆಯಲ್ಲಿ ಹೊಳೆ ದಾಟಬೇಕಿತ್ತು. ದಾಟಿಸಲು ಮಾರೇಶ್ ಒಬ್ಬ ಹರಿಗೋಲಿನವನನ್ನು ಆಗಿಂದಾಗಲೇ ಹುಟ್ಟಿಸಿದ, ಹೆಸರೂ ಇಡಲಿಲ್ಲ. "ಕುಂದ್ರಿ, ಅಲುಗಾಡಬ್ಯಾಡ್ರಿ," ಎಂದು ಅವನಿಂದ ಹೇಳಿಸಿದ. ನಡುಹೊಳೆಯ ಸುಳಿಯಲ್ಲಿ ಹರಿಗೋಲು ಮಗುಚಿತು. ಒಂದು ಕಡೆ ಹಂಪೇಶ್ ಮುಳುಗಿದ, ಇನ್ನೊಂದು ಕಡೆ ಹರಿಗೋಲಿನವನು.

ಮಾರೇಶ್ ದುರ್ಗಾಳನ್ನು ನೋಡಿದ.

"ನಿನಗ ಈಜು ಬರ್ತೈತಿ, ಈಜ್ಕೋ. ಕವಡಿ ಬಂದ್ ಆದಮ್ಯಾಲೆ ನಮ್ಮ ಅಂಗಡಿನೂ ಬಂದ್," ಎಂದು ಹಂಪೇಶನಿಗೆ ಹೇಳಿ ಅವಳು ದಾಳ ಎತ್ತಿಕೊಂಡಳು. "ನಾ ಹರಿಗೋಲಿನಾಂವನ್ನ ಎತ್ತತೀನಿ."

ಅವನು ಆಟಗಾರನಲ್ಲ, ಅವನನ್ನು ಉಳಿಸಿದರೆ ಏನೂ ಸಿಗದು, ಸಾಲದ್ದಕ್ಕೆ ದಾಳದಲ್ಲಿ ಆರೇ ಬೀಳಬೇಕು ಎಂದು ಮಾರೇಶ್ ತಿಳಿಸಿದ.

"ಗೊತ್ತೈತ್ರಿ."

ಎರಡು ಬಿತ್ತು. ಒಂದು ಕವಡೆ ಸರಿಸಿ ಮತ್ತೆ ಎಸೆದಳು. ನಾಲ್ಕು. ಮತ್ತೊಂದು ಸರಿಸಿದಳು. ಹೀಗೇ ಕೂಡಿಟ್ಟ ನಾಲ್ಕೂ ಕವಡೆ ಹೋದವು. ಕೊನೆಗೆ ಬಿದ್ದದ್ದು ಮೂರು.

ಹೆಸರಿಲ್ಲದವನಿಗೆ ಯಾಕಿಷ್ಟು ಖರ್ಚು ಎಂದು ಯಲ್ಲೇಶ್ ಕೇಳಿದ.

ದುರ್ಗಾ ಚಾಪೆಯ ಕಡ್ಡಿ ಕೀಳುತ್ತ ಕೂತಳು. "ರಾಜಾಗ, ಕಳ್ಳಗ, ಎಲ್ಲಾರಿಗೂ ಇವರು ದನಿ ಬದ್ಲಿ ಮಾಡ್ತಾರ. ಹರಿಗೋಲಿನಾಂವ ಒಬ್ಬ ಇವರ ಸ್ವಂತ ದನ್ಯಾಗ ಮಾತಾಡಿದ." ತಲೆ ಎತ್ತಿ ಮಾರೇಶನನ್ನೇ ನೋಡಿದಳು. "ಮುಳುಗಲಿ ಅಂತ ಬಿಡಾಕ ನನಗ ಆಗಲಿಲ್ರಿ."

ಯಲ್ಲೇಶ್ ತಂಗಿಯನ್ನೊಮ್ಮೆ ನೋಡಿ, ಚಹಾ ತರುತ್ತೇನೆಂದು ಕೆಳಗಿಳಿದ.

ಮಾರೇಶ್ ದಾಳ ನೋಡಿದ. ಅದು ಮೂರರಲ್ಲೇ ಇತ್ತು. ಅವನದೇ ನಿಯಮದಂತೆ ಹರಿಗೋಲಿನವನು ಸತ್ತಿದ್ದ.

"ಹರಿಗೋಲಿನಾಂವ ನಿನ್ನ ಕೈ ಹಿಡದ," ಎಂದ ನಿಧಾನವಾಗಿ. "ದಂಡಿಗೆ ಬಂದ. ಇನ್ನೂ ಬಿಟ್ಟಿಲ್ಲ."

"ಲೇ, ಇದು ಮೋಸ," ಎಂದ ಹಂಪೇಶ್.

"ಹೌದಲೇ," ಎಂದ ಮಾರೇಶ್, ಅವಳಿಂದ ಕಣ್ಣು ತೆಗೆಯದೆ.