ಕೆಂಪು ದೀಪಕ್ಕೆ ನಿಲ್ಲದ ಅಜ್ಜಿ

"ಕೆಂಪು ಬಿತ್ತು! ಅಜ್ಜೀ, ಕೆಂಪು!"

ಸಿಳ್ಳೆ ಗಂಟಲು ಹರಿಯುವಂತೆ ಕೂಗಿದಳು. ಅಜ್ಜಿ ಕೇಳಿಸಿಕೊಂಡರೆ ತಾನೆ! ಸೈಕಲ್ ಸೀಟಿನ ಮೇಲೆ ನೆಟ್ಟಗೆ ಕೂತು, ಟ್ರಿಣ್ ಟ್ರಿಣ್ ಬೆಲ್ ಮಾಡುತ್ತಾ, ನಿಂತ ಕಾರುಗಳ ಪಕ್ಕದಿಂದ ನುಗ್ಗಿ, ಜೀಬ್ರಾ ಪಟ್ಟಿ ದಾಟಿ ಹೋಗೇಬಿಟ್ಟಳು. ರಸ್ತೆಗೆ ಆಗಷ್ಟೇ ಕಾಲಿಟ್ಟಿದ್ದ ಒಂದನೇ ಕ್ಲಾಸಿನ ಹುಡುಗ ಹೆದರಿ ಹಿಂದಕ್ಕೆ ಹಾರಿದ. ಅವನ ನೀರಿನ ಬಾಟಲಿ ಉರುಳಿಕೊಂಡು ಹೋಯಿತು.

"ಯಾರೇ ಅದು ರಾಕೆಟ್ ಅಜ್ಜಿ?" ಎಂದು ದಪ್ಪ ಕನ್ನಡಕದ ಗೆಳೆಯ ಸೋಡಾಬುಡ್ಡಿ ನಕ್ಕ.

"ನಮ್ಮಜ್ಜಿ ಕಣೋ," ಎಂದಳು ಸಿಳ್ಳೆ. ನಾಚಿಕೆಯಿಂದ ಅವಳ ಕಿವಿ ಬಿಸಿಯಾಯಿತು.

ಬಾಯಲ್ಲೇ ಜೋರಾಗಿ ಸಿಳ್ಳೆ ಹೊಡೆಯುತ್ತಿದ್ದುದರಿಂದ ಅವಳಿಗೆ ಆ ಹೆಸರು. ಈ ವರ್ಷ ಶಾಲೆಯ ಮುಂದಿನ ಸಿಗ್ನಲ್ಲಿನಲ್ಲಿ ಚಿಕ್ಕ ಮಕ್ಕಳನ್ನು ದಾಟಿಸುವ ಕೆಲಸ ಅವಳದು. ಹೆಗಲಿಗೆ ಹಳದಿ ಪಟ್ಟಿ, ಕೈಯಲ್ಲಿ 'ನಿಲ್ಲಿ' ಎಂದು ಬರೆದ ದುಂಡನೆಯ ಬೋರ್ಡು. ಅಷ್ಟು ದೊಡ್ಡ ಲಾರಿಗಳೇ ಅವಳ ಬೋರ್ಡಿಗೆ ನಿಲ್ಲುತ್ತಿದ್ದವು. ಅಜ್ಜಿ ಮಾತ್ರ ಊಹೂಂ.

ಸಂಜೆ ಅಜ್ಜಿ ಹೊಲಿಗೆ ಮಶೀನಿನ ಮುಂದೆ ಕೂತಿದ್ದಳು. ಊರಿನ ಅರ್ಧ ಜನರ ಬಟ್ಟೆ ಹೊಲಿಯುವುದೂ ಅವಳೇ, ಸೈಕಲ್ಲಿನಲ್ಲಿ ಮನೆಮನೆಗೆ ಮುಟ್ಟಿಸುವುದೂ ಅವಳೇ.

"ಎಲ್ರೂ ನಿಲ್ತಾರೆ. ನೀನ್ಯಾಕೆ ನಿಲ್ಲಲ್ಲ?"

"ಆ ದೀಪ ಹುಟ್ಟೋಕೆ ಮುಂಚೇನೇ ನಾನಲ್ಲಿ ಸೈಕಲ್ ಹೊಡೀತಿದ್ದೆ. ಬೇಕಾದ್ರೆ ಅದೇ ನಂಗೆ ದಾರಿ ಬಿಡ್ಲಿ."

"ಆ ಪುಟ್ಟ ಹುಡುಗ ಬೀಳೋದ್ರಲ್ಲಿದ್ದ!"

ಮಶೀನು ಗಕ್ಕನೆ ನಿಂತಿತು. "ಬಿದ್ನಾ?"

"ಇಲ್ಲ."

ಮಶೀನು ಮತ್ತೆ ಗಡಗಡ ಓಡಿತು. ಸಿಳ್ಳೆಗೆ ಸಿಟ್ಟು ನೆತ್ತಿಗೇರಿತು. "ನಾಳೆ ನಿನ್ನ ನಿಲ್ಲಿಸೇ ನಿಲ್ಲಿಸ್ತೀನಿ, ನೋಡ್ತಿರು!"

"ಆಯ್ತು ತಾಯಿ, ನಿಲ್ಸು ನಿಲ್ಸು."

ಮರುದಿನ ಕೆಂಪು ಬಿದ್ದಾಗ ಅಜ್ಜಿಯ ಸೈಕಲ್ ದೂರದಲ್ಲಿ ಕಾಣಿಸಿತು. ಸಿಳ್ಳೆ ಬಿಳಿ ಪಟ್ಟಿಯ ಮೇಲೆ ಅಡ್ಡಲಾಗಿ ನಿಂತಳು. ಬೋರ್ಡು ಎತ್ತಿ ಹಿಡಿದು ಜೋರಾಗಿ ಒಂದು ಸಿಳ್ಳೆ ಹೊಡೆದಳು. ಅವಳ ಬೆನ್ನಿಗೇ ಒಂದನೇ ಕ್ಲಾಸಿನ ಸಾಲು.

ಕಿರ್ರ್! ಅಜ್ಜಿ ಬ್ರೇಕ್ ಹಾಕಿದಳು. ವಾಲಿದ ಸೈಕಲ್ಲಿನಿಂದ ಹೇಗೋ ಕೆಳಗಿಳಿದು ನಿಂತಳು. ಮಕ್ಕಳು ಒಬ್ಬೊಬ್ಬರಾಗಿ ದಾಟಿದರು. ಗೇಟಿನಿಂದ ಪಿ.ಟಿ. ಮೇಷ್ಟ್ರು "ಶಭಾಷ್!" ಎಂದರು. ಸಿಳ್ಳೆಯ ಎದೆ ಉಬ್ಬಿತು.

ಹಸಿರು ಬಿತ್ತು. ಕಾರುಗಳು ಹೊರಟವು. ಅಜ್ಜಿ ಹೊರಡಲಿಲ್ಲ.

ಪೆಡಲಿನ ಮೇಲೆ ಕಾಲಿಟ್ಟು ಒಮ್ಮೆ ಕುಪ್ಪಳಿಸಿದಳು. ಮಂಡಿ ಏಳಲಿಲ್ಲ. ಇನ್ನೊಮ್ಮೆ ಕುಪ್ಪಳಿಸಿದಳು. ಸೈಕಲ್ ವಾಲಿತು, ಸೀಟು ಎಟುಕಲೇ ಇಲ್ಲ. ಹಿಂದಿನ ವ್ಯಾನಿನವನು ಹಾರ್ನ್ ಒತ್ತಿದ. "ಹತ್ತೀರೋ ಇಲ್ವೋ, ಅಮ್ಮಾ?"

ಯಾರು ಏನೇ ಅಂದರೂ ತಿರುಗಿ ಒಂದು ಮಾತು ಎಸೆಯುವ ಅಜ್ಜಿ, ಈಗ ಕ್ಯಾರಿಯರಿನ ಮೇಲೆ ಬಾಗಿದಳು. ಬಿಗಿಯಾಗಿಯೇ ಇದ್ದ ಬಟ್ಟೆ ಗಂಟಿನ ಹಗ್ಗವನ್ನು ಸುಮ್ಮನೆ ಬಿಚ್ಚಿ ಮತ್ತೆ ಕಟ್ಟಿದಳು. ಆಮೇಲೆ ಸೈಕಲ್ ತಳ್ಳಿಕೊಂಡು ನಡೆದುಹೋದಳು.

ಸಿಳ್ಳೆಗೆ ಆಗ ಹೊಳೆಯಿತು. ಮನೆಯಲ್ಲಿ ಅಜ್ಜಿ ಯಾವಾಗಲೂ ಬಾಗಿಲ ಮೆಟ್ಟಿಲ ಮೇಲೆ ನಿಂತೇ ಸೈಕಲ್ ಹತ್ತುತ್ತಿದ್ದಳು. ಸಮನೆಲದಿಂದ ಹತ್ತಿದ್ದನ್ನು ಸಿಳ್ಳೆ ನೋಡಿಯೇ ಇರಲಿಲ್ಲ. ನಿಲ್ಲೋಕೆ ಇಷ್ಟ ಇಲ್ಲದೆ ಅಲ್ಲ, ನಿಂತರೆ ಮತ್ತೆ ಹತ್ತೋಕಾಗಲ್ಲ ಅಂತ!

ಆ ಸಂಜೆ ಅಜ್ಜಿಯೇ ಮಾತು ತೆಗೆದಳು. "ಆ ಮಕ್ಕಳು ಎಷ್ಟು ಚಿಕ್ಕವೇ! ನನ್ನ ಟೇಬಲ್ಲಿನ ಎತ್ತರಕ್ಕೂ ಬರಲ್ಲ. ಸೈಕಲ್ ಮೇಲೆ ಕೂತೋಳಿಗೆ ಕಾಣಿಸ್ತಾನೇ ಇರ್ಲಿಲ್ಲ."

ಸೂಜಿಗೆ ದಾರ ಪೋಣಿಸುತ್ತಾ, "ನಾಳೆಯಿಂದ ಹಿಂದಿನ ರಸ್ತೇಲಿ ಹೋಗ್ತೀನಿ. ಸುತ್ತಾದ್ರೂ ಆಗ್ಲಿ," ಎಂದಳು.

"ಬೇಡಜ್ಜಿ. ಬಾ, ನಿಂಗೊಂದು ಜಾಗ ತೋರಿಸ್ತೀನಿ."

ಸಿಗ್ನಲ್ ಕಂಬದ ಹತ್ತಿರ ಫುಟ್‌ಪಾತ್ ಎತ್ತರವಾಗಿತ್ತು. "ಇಲ್ಲಿ ಅಂಚಿಗೆ ಬಂದು, ಸೀಟ್ ಮೇಲೆ ಕೂತ್ಕೊಂಡೇ ಒಂದು ಕಾಲು ಇದರ ಮೇಲಿಡು. ಇಳೀಬೇಡ," ಎಂದಳು ಸಿಳ್ಳೆ. ಮಂಡಿಯ ಮಾತು ಅವಳೂ ಎತ್ತಲಿಲ್ಲ, ಅಜ್ಜಿಯೂ ಎತ್ತಲಿಲ್ಲ.

ಅಜ್ಜಿ ಕಾಲಿಟ್ಟು ನಿಂತಳು, ಒಮ್ಮೆ ಒದ್ದಳು. ಸೈಕಲ್ ಹೊರಟೇಬಿಟ್ಟಿತು. "ಅಯ್ಯೋ, ಇಷ್ಟೇನಾ!" ಎಂದು ಗಟ್ಟಿಯಾಗಿ ನಗುತ್ತಾ ಇನ್ನೂ ಮೂರು ಸಲ ಮಾಡಿ ನೋಡಿದಳು.

ಮರುದಿನ ಕೆಂಪು ಬಿದ್ದಾಗ ಅಜ್ಜಿ ಫುಟ್‌ಪಾತಿಗೆ ಕಾಲೂರಿ ಮಹಾರಾಣಿಯ ಹಾಗೆ ನಿಂತಳು. ದಾಟುವ ಮಕ್ಕಳನ್ನೆಲ್ಲ ಅಳತೆ ತೆಗೆಯುವವಳಂತೆ ತಲೆಯಿಂದ ಕಾಲಿನವರೆಗೆ ನೋಡಿದಳು. ಹಸಿರು ಬಿದ್ದೊಡನೆ ಹೊರಟಳು.

"ನಿಮ್ಮಜ್ಜಿ ಯಾಕೇ ಅಷ್ಟು ಅಂಚಿಗೆ ನಿಂತ್ಕೋತಾರೆ?" ಸೋಡಾಬುಡ್ಡಿ ಕೇಳಿದ.

ಉತ್ತರ ಸಿಳ್ಳೆಯ ನಾಲಿಗೆ ತುದಿಗೆ ಬಂದಿತ್ತು. ದೂರದಲ್ಲಿ ಅಜ್ಜಿ ನೆಟ್ಟಗೆ ಕೂತು ಹೋಗುತ್ತಿದ್ದಳು.

"ಸೈಕಲ್‌ನೋರು ಅಂಚಿಗೇ ನಿಲ್ಬೇಕು ಕಣೋ," ಎಂದಳು ಸಿಳ್ಳೆ. "ನಮ್ಮಜ್ಜಿಗೆ ರೂಲ್ಸೆಲ್ಲ ಗೊತ್ತು."