ನಾಲ್ಕನೇ ಮಂಚದ ಗ್ಲೌಸು

ಅಂದು ಬೆಳಗ್ಗೆ ಮಂಜು ವಾರ್ಡಿನ ಕಿಟಕಿಗೇ ಒರಗಿ ನಿಂತಿತ್ತು. ನರ್ಸಿಂಗ್ ಓದುತ್ತಿದ್ದ ನಾನು ನಾಲ್ಕನೇ ಮಂಚದವನ ಕೀವು ಒರೆಸಿ, ಅವನ ನಾಡಿಬಡಿತ ನೂರಾ ಹನ್ನೆರಡೆಂದು ಗ್ಲೌಸಿನ ಮೇಲೇ ಬರೆದುಕೊಂಡೆ. ಅವಸರದಲ್ಲಿ ಅದೇ ಗ್ಲೌಸಿನಲ್ಲಿ ಐದನೇ ಮಂಚದ ಅಜ್ಜಿಯ ಗಾಯಕ್ಕೂ ಕೈಹಾಕಿದೆ.

"ಮೇಲೇನೋ ಬರ್ದಿದೆಯಲ್ಲ ಮಗಳೇ, ಹೊಸದೇನಾ ಇದು?"

"ಹೂಂ ಅಜ್ಜಿ, ಈಗಷ್ಟೇ ಹಾಕ್ಕೊಂಡೆ."

ಆ ಗ್ಲೌಸು ಅಂದೇ ಆಸ್ಪತ್ರೆಯ ಕಸದೊಂದಿಗೆ ಸುಟ್ಟುಹೋಯಿತು. ಅಜ್ಜಿ ನಂಜೇರಿ ಎಂಟನೇ ದಿನ ತೀರಿಕೊಂಡರು. ದೇವರಿಗೆ ಮುಗಿಯಲೂ ನನ್ನ ಕೈ ಏಳಲಿಲ್ಲ.

ಮರುದಿನ ಬೆಳಗ್ಗೆ ಅಜ್ಜಿಯ ಖಾಲಿ ಹಾಸಿಗೆ ಮುಟ್ಟಿದರೆ ಬೆಚ್ಚಗಿತ್ತು. ಅಂದೇ ಕೆಲಸಕ್ಕೆ ಸೇರಿದ್ದ ಆಯಾ ಬಂದು, ನನ್ನ ಕೈಯಲ್ಲಿ ಒಂದು ಜೊತೆ ಗ್ಲೌಸು ಇಟ್ಟಳು.

"ಐದನೇ ಮಂಚದ ಅಜ್ಜಿ ಕೊಟ್ರು ಸಿಸ್ಟರ್. ನಿಮ್ದು ಅವ್ರ ಹತ್ರಾನೇ ಉಳ್ಕೊಂಡಿತ್ತಂತೆ."

ಗ್ಲೌಸಿನೊಳಗೆ ಇನ್ನೂ ಬೆಚ್ಚಗಿತ್ತು. ಮೇಲೆ ನನ್ನದೇ ಕೈಬರಹದಲ್ಲಿ, ನೂರಾ ಹನ್ನೆರಡು.