ಗೋಡೆಗೆ ಹಾಕಿದ ಕಂಬಳಿ

ನನ್ನ ತಂಗಿ ಕೀರ್ತನಾಳ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ. ಚಿತ್ರದುರ್ಗದ ನಮ್ಮ ಮನೆಯ ಹಾಲ್ ಅಲಂಕರಿಸಲು ಅವಳು ಮೊಬೈಲಿನಲ್ಲಿ ವಿಡಿಯೊ ನೋಡುತ್ತಿದ್ದಳು. ಕೊನೆಗೆ ನಮಗೆ ಪರಿಚಯದ ತುರುವನೂರಿನ ಜುಂಜಮ್ಮಜ್ಜಿಯ ಬಳಿ, ಫೋಟೊ ತೆಗೆದು ವಾಪಸ್ ಕೊಡ್ತೀನಿ ಎಂದು ಹೇಳಿ, ಒಂದು ಕರಿ ಕಂಬಳಿ ತಂದಳು. ಅದು ಅಜ್ಜಿಯ ಗಂಡ, ತೀರಿಹೋದ ಎತ್ತಪ್ಪ ಹೊದೆಯುತ್ತಿದ್ದದ್ದು. ಹಬ್ಬದ ದಿನ ಅವರ ಮನೆಯಲ್ಲಿ ಅದನ್ನೇ ಹಾಸಿ ದೇವರನ್ನು ಕೂರಿಸುತ್ತಾರೆ. ನಾನು ಮನೆಗೆ ಬರುವಷ್ಟರಲ್ಲಿ ಕಂಬಳಿ ಮೂರು ತುಂಡಾಗಿ, ಮೂರು ಚೌಕಟ್ಟಿನಲ್ಲಿ ಗೋಡೆಯ ಮೇಲಿತ್ತು.

"ಹಳೇ ಕಂಬಳಿ ತಾನೇ ಅಕ್ಕ, ಅದಕ್ಯಾಕಿಷ್ಟು ಕೂಗಾಡ್ತೀಯ?" ಎಂದಳು.

ಏಪ್ರಿಲ್ ಬಿಸಿಲಿನಲ್ಲೂ ಆ ಗೋಡೆಯಿಂದ ನೆಂದ ಕುರಿಯ ವಾಸನೆ ಬರುತ್ತಿತ್ತು. ಮುಟ್ಟಿದರೆ ಕಂಬಳಿ, ಯಾರೋ ಈಗಷ್ಟೇ ಹೊದ್ದು ಎದ್ದ ಹಾಗೆ ಬೆಚ್ಚಗಿರುತ್ತಿತ್ತು. ಫ್ಯಾನ್ ಆರಿಸಿದರೆ ಉಸಿರಾಟ ಕೇಳುತ್ತಿತ್ತು.

ಹಬ್ಬದ ಹಿಂದಿನ ದಿನ ಅಜ್ಜಿಯೇ ಬಂದರು.

"ಕತ್ತರಿ ಹಾಕ್ದೇನೇ? ನಿನ್ ಮದ್ವೆ ಸೀರೆ ಹರ್ದು ಗ್ವಾಡೆಗೆ ಹೊಡ್ಕಬೇಕಿತ್ತು! ನಾಳೆ ದೇವ್ರನ್ನ ಎಲ್ಲಿ ಕುಂದ್ರಸ್ಲಿ?"

"ಹೊಲ್ದು ಕೊಡ್ತೀನಜ್ಜಿ" ಎಂದಳು ಕೀರ್ತನಾ.

"ಈಗ್ಲೇ ಹೊಲಿ. ನಾನು ಇಲ್ಲೇ ಕುಂತಿರ್ತೀನಿ."

ಚೌಕಟ್ಟು ಬಿಚ್ಚಿ, ತುಂಡುಗಳನ್ನು ನೆಲದ ಮೇಲೆ ಜೋಡಿಸಿದೆವು. ಅಂಚಿಗೆ ಅಂಚು ಕೂಡಿ ಕಂಬಳಿ ಪೂರ್ತಿಯಾಯಿತು. ಆದರೂ ಕೀರ್ತನಾಳ ಕೈಯಲ್ಲಿ, ಅದೇ ಉಣ್ಣೆಯ, ಅಂಗೈಯಗಲದ ಇನ್ನೊಂದು ತುಂಡು ಉಳಿದಿತ್ತು.

ಅಜ್ಜಿ ಅದನ್ನು ಮುಟ್ಟಲಿಲ್ಲ. "ಇದು ನಮ್ದಲ್ಲ. ಕತ್ತರ್ಸಿದೋರೇ ಇಟ್ಕಳ್ರಿ" ಎಂದು, ಹೊಲಿದ ಕಂಬಳಿಯನ್ನು ಹೆಗಲಿಗೆ ಹಾಕಿಕೊಂಡು ಹೋದರು.

ತುಂಡನ್ನು ಅಟ್ಟದ ಮೇಲೆ ಇಟ್ಟಿದ್ದೆ. ಮೊನ್ನೆ ತೆಗೆದು ನೆಲಕ್ಕೆ ಹಾಸಿದೆ. ಈಗ ಅದು ಒಬ್ಬ ಆಳು ಹೊದೆಯುವಷ್ಟಿದೆ.